ಎರಡೂ ಬೇಕಾ

ಮಾರ್ಚ್ ೩, ಸೋಮವಾರ

ತಂಗಿ ಬೆಳಿಗ್ಗೆಯೇ ಅಂಗಡಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಸೇತುವೆ ತೆರೆದ ಮೇಲೆ ಅವಳ ದೋಣಿಗೆ ಜನವೇ ಇಲ್ಲ. ಎಲ್ಲರೂ ಬಸ್ಸಿನಲ್ಲಿ ಹತ್ತು ನಿಮಿಷಕ್ಕೆ ಆಚೆ ದಡ ಸೇರುತ್ತಾರೆ. ಇನ್ನು ವಿಹಾರದ ದೋಣಿ ಮಾಡುತ್ತಾಳಂತೆ. ಜಲಾಶಯದ ನಡುವೆ ಎಂಜಿನ್ ನಿಲ್ಲಿಸಿ ನಾಲ್ಕು ಗಂಟೆ ಹಾಡು, ಊಟ, ಹರಟೆ. ಸಾರಿಗೆ ಕಚೇರಿಯವರು ಈ ಒಂದು ಬೇಸಗೆಗೆ ಪರವಾನಗಿ ಕೊಟ್ಟಿದ್ದಾರೆ. ನಡೆದರೆ ದೋಣಿ ಉಳಿಯುತ್ತದೆ, ಇಲ್ಲವಾದರೆ ಮಾರುತ್ತಾಳೆ.

“ಅಣ್ಣ, ಸ್ಟೀರಿಯೋ ನೀನೇ ಕೂರಿಸ್ಬೇಕು. ಬೇರೆಯವ್ರ ಕೈಗೆ ಕೊಡಲ್ಲ.”

“ಬಸ್ಸಿಗೆ ಹಾಕಿದೀನಿ, ಸಭಾಂಗಣಕ್ಕೆ ಹಾಕಿದೀನಿ. ದೋಣಿಗೆ ಹಾಕಿಲ್ವಲ್ಲೇ.”

“ದೋಣೀಲಿ ಕೂತ್ರೆ ಜನಕ್ಕೆ ಬೇರೆ ಕಿವಿ ಬರತ್ತಾ?”

ಮೂವತ್ತೆರಡು ವರ್ಷದಿಂದ ಈ ಊರಿನಲ್ಲಿ ನನ್ನನ್ನು ಕಿವಿ ಮೇಷ್ಟ್ರು ಎನ್ನುತ್ತಾರೆ. ಸ್ಪೀಕರ್ ಬಿಚ್ಚದೆಯೇ ಒಳಗೆ ಯಾವ ತಂತಿ ಸಡಿಲ ಎಂದು ಹೇಳಿದವನು ನಾನು. ಒಪ್ಪಿಕೊಂಡೆ. ಹೊಸ ಬಗೆಯ ಕೆಲಸವಾದ್ದರಿಂದ ಏನೂ ಮರೆಯದಿರಲಿ ಎಂದು ಈ ಪುಸ್ತಕ ತೆರೆದಿದ್ದೇನೆ.

ಮಾರ್ಚ್ ೫, ಬುಧವಾರ

ದೋಣಿ ನೋಡಿ ಬಂದೆ. ನಲವತ್ತು ಸೀಟು, ಮೇಲೆ ಚಾವಣಿ, ಎರಡೂ ಪಕ್ಕ ಬಯಲು. ಗೋಡೆಯೇ ಇಲ್ಲದ ಕಡೆ ಸದ್ದು ನಿಲ್ಲುವುದಿಲ್ಲ, ಹಾರಿಹೋಗುತ್ತದೆ. ಬಸ್ಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಂಜಿನ್ನಿಗೆ ಇರುವುದು ಒಂದೇ ಬ್ಯಾಟರಿ. ಅದರಿಂದಲೇ ಹಾಡು ಹಾಕಿದರೆ ವಾಪಸು ಬರಲು ಎಂಜಿನ್ ಚಾಲೂ ಆಗುವುದಿಲ್ಲ. ಹಾಡಿಗೆ ಬೇರೆಯೇ ಬ್ಯಾಟರಿ ಇಟ್ಟು, ನಡುವೆ ಒಂದು ತಿರುಗಿಸುವ ಸ್ವಿಚ್ ಹಾಕಬೇಕು. ‘ಒಂದು’ ಎಂದರೆ ಎಂಜಿನ್ನಿನ ಬ್ಯಾಟರಿ, ‘ಎರಡು’ ಎಂದರೆ ಹಾಡಿನದು, ‘ಎರಡೂ’ ಎಂದರೆ ಇಬ್ಬರದೂ ಒಂದೇ ತಟ್ಟೆ. ಎಂಜಿನ್ ಓಡುವಾಗ ‘ಎರಡೂ’ ಇಟ್ಟರೆ ಎರಡೂ ತುಂಬಿಕೊಳ್ಳುತ್ತವೆ. ಎಂಜಿನ್ ನಿಂತಾಗ ಮಾತ್ರ ಆ ಗುರುತಿನ ಹತ್ತಿರವೂ ಸುಳಿಯಬಾರದು.

ಚಾಲಕ ಐವತ್ತರ ಆಸುಪಾಸಿನವನು. ತಂಗಿಯ ಬಳಿ ಹನ್ನೊಂದು ವರ್ಷದಿಂದ ಇದ್ದಾನೆ. ಬಾಯೊಳಗೇ ಮಾತಾಡುತ್ತಾನೆ, ಮೂರು ಮಾತಿನಲ್ಲಿ ಎರಡು ಮೀಸೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಗೊಣಗಪ್ಪ ಎಂದು ಹೆಸರಿಟ್ಟಿದ್ದೇನೆ, ಈ ಪುಸ್ತಕದ ಒಳಗೆ ಮಾತ್ರ.

ಮಾರ್ಚ್ ೮, ಶನಿವಾರ

ಇಡೀ ದಿನ ಸಾಮಾನು ಆರಿಸುವುದರಲ್ಲೇ ಹೋಯಿತು. ಆಂಪ್ಲಿಫೈಯರಿನಲ್ಲಿ ನನ್ನ ಮನಸ್ಸು ಹಳೇ ಮಾದರಿಯ ಮೇಲೆ. ಎತ್ತಲು ಎರಡು ಕೈ ಬೇಕು, ಮೈತುಂಬ ಲೋಹದ ರೆಕ್ಕೆ, ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಬಿಸಿ. ಆ ಬಿಸಿಯೇ ತೊಂದರೆ. ಬ್ಯಾಟರಿಯಿಂದ ಎಳೆದದ್ದರಲ್ಲಿ ಅರ್ಧದಷ್ಟು ಮಾತ್ರ ಸದ್ದಾಗುತ್ತದೆ, ಉಳಿದದ್ದು ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಹೊಸ ಡಿ ಕ್ಲಾಸಿನದು ಊಟದ ಡಬ್ಬಿಯಷ್ಟಿದೆ, ಆದರೆ ನೂರು ಎಳೆದರೆ ಎಂಬತ್ತು ಸದ್ದು ಕೊಡುತ್ತದೆ. ಪೆಟ್ಟಿಗೆಯ ಮೇಲೆ ಎರಡು ಸಾವಿರ ವ್ಯಾಟ್ ಎಂದು ದೊಡ್ಡಕ್ಷರದಲ್ಲಿ ಬಡಾಯಿ ಕೊಚ್ಚಿಕೊಂಡಿದ್ದಾರೆ. ಒಳಗಿನ ಚೀಟಿಯ ಸಣ್ಣಕ್ಷರವೇ ನಿಜ: ನಾಲ್ಕು ಸ್ಪೀಕರಿಗೆ ತಲಾ ನೂರು. ಮನಸ್ಸಿಲ್ಲದ ಮನಸ್ಸಿನಿಂದ ಡಬ್ಬಿಯನ್ನೇ ಆರಿಸಿದೆ.

ಬ್ಯಾಟರಿ ಅಂಗಡಿಯವನು ಲಾರಿ ಬ್ಯಾಟರಿ ತೋರಿಸಿ “ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ” ಎಂದ. ಅದು ಎಂಜಿನ್ನನ್ನು ಒಂದೇ ಏಟಿಗೆ ಒದ್ದೆಬ್ಬಿಸುವ ಜಾತಿ. ನಮಗೆ ಬೇಕಿರುವುದು ನಿಧಾನವಾಗಿ, ಗಂಟೆಗಟ್ಟಲೆ ಕೊಡುವಂಥದ್ದು. ಎಪ್ಪತ್ತೈದು ಆಂಪಿಯರ್ ಗಂಟೆಯ ಎರಡು ಆರಿಸಿದೆ. ಎರಡೂ ಸೇರಿ ನೂರೈವತ್ತು. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ನಡುಮಟ್ಟದ ಸದ್ದಿಗೆ ಹತ್ತು ಆಂಪಿಯರ್ ಹಿಡಿದರೂ ಏಳು ಗಂಟೆ ಧಾರಾಳ.

ಮಾರ್ಚ್ ೯, ಭಾನುವಾರ

ಕೈಗಡಿಯಾರದ ಅಲಾರಂ ಕೆಟ್ಟಿದೆ. ಹೊಸ ಸೆಲ್ ಹಾಕಿ ನೋಡಿದೆ. ಅಂಕಿ ಮಿಟುಕುತ್ತದೆ, ಸದ್ದು ಮಾತ್ರ ಇಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು “ಅದನ್ನ ಆರಿಸ್ರೀ, ಆಗಿಂದ ಬಡ್ಕೊಳ್ತಿದೆ” ಎಂದಳು. ನನ್ನನ್ನು ರೇಗಿಸುವುದೆಂದರೆ ಇವಳಿಗೆ ಸಕ್ಕರೆ ತಿಂದಷ್ಟು ಖುಷಿ. ಹೊಸ ಗಡಿಯಾರ ತರಬೇಕು.

ಮಾರ್ಚ್ ೧೩, ಗುರುವಾರ

ಸ್ಪೀಕರ್ ನಾಲ್ಕೂ ಕೂರಿಸಿದೆ. ತಂತಿಗಳನ್ನೆಲ್ಲ ಒಂದೇ ಕಂತೆ ಮಾಡಿ ಸೀಟಿನ ಕೆಳಗೆ ಎಳೆದೆ. ನೋಡಲು ಅಚ್ಚುಕಟ್ಟಾಗಿದೆ. ಸದ್ದು ಮಾತ್ರ ಮಂಕು. ತಾಳ ಬರುತ್ತದೆ, ಹಾಡುವವರ ಮಾತು ಬಿಡಿಬಿಡಿಯಾಗಿ ಸಿಗುವುದಿಲ್ಲ. ಡಿ ಕ್ಲಾಸಿನ ಹಣೆಬರಹವೇ ಇಷ್ಟು.

ತಂಗಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. “ಸಾಕಣ್ಣ, ಜನ ಮಾತಾಡೋಕಾದ್ರೂ ಬಿಡು” ಎಂದಳು. ಅವಳಿಗೆ ಚಿಕ್ಕಂದಿನಿಂದಲೂ ಸಂಗೀತದ ಗಂಧವಿಲ್ಲ. ಮಂದ್ರಕ್ಕೆಂದೇ ಇನ್ನೊಂದು ಆಂಪ್ಲಿಫೈಯರ್ ಸೇರಿಸುತ್ತೇನೆ. ಆಗ ಮೇಲಿನ ಸ್ವರಗಳ ಭಾರವೆಲ್ಲ ಮೊದಲನೆಯದಕ್ಕೆ ಬಿಡಬಹುದು. ಎರಡೂ ನಡುಮಟ್ಟದಲ್ಲಿದ್ದರೆ ಹದಿನೆಂಟು ಆಂಪಿಯರ್, ಅಂದರೆ ನಾಲ್ಕು ಗಂಟೆ. ಕೂದಲೆಳೆಯಷ್ಟೇ ಉಳಿತಾಯ, ಆದರೂ ಸಾಕು.

ಮಾರ್ಚ್ ೧೭, ಸೋಮವಾರ

ಎಂಜಿನ್ ಓಡಿಸಿ ಹಾಡು ಹಾಕಿದೆವು. ಗೊಣಗಪ್ಪ ಏನೋ ಗೊಣಗಿದ. ಮೂರು ಸಲ ಹೇಳಿಸಿದ ಮೇಲೆ ತಿಳಿಯಿತು.

“ಕುಂಯ್ ಅಂತಿದೆ ಮೇಷ್ಟ್ರೇ. ಎಂಜಿನ್ ಜೋರು ಮಾಡಿದ್ರೆ ಅದೂ ಏರ್ತಾ ಹೋಗತ್ತೆ.”

“ಎಲ್ಲಿಂದ ಬರತ್ತೆ? ನಾನೇ ಇಲ್ಲಿ ನಿಂತಿದೀನಲ್ಲ.”

“ಸ್ಪೀಕರಿಂದಾನೇ.”

ಸ್ಪೀಕರಿಗೆ ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ. ತಂಗಿಯೂ ಕೇಳಿಸುತ್ತಿದೆ ಎಂದಳು. ಒಬ್ಬರು ಅಂದರೆ ಇನ್ನೊಬ್ಬರಿಗೂ ಕೇಳಿಸಿದಂತಾಗುತ್ತದೆ, ಇದು ನಾನು ಎಷ್ಟೋ ಕಡೆ ಕಂಡದ್ದು. ಹಾಗೆಂದೇ ಹೇಳಿದೆ. ತಂಗಿ ನನ್ನ ಮುಖ ನೋಡಿ “ನೀನು ಇಲ್ಲ ಅಂದ್ರೆ ಇಲ್ಲ ಬಿಡು” ಎಂದಳು. ಗೊಣಗಪ್ಪ ಮೂತಿ ಊದಿಸಿಕೊಂಡು ಎಂಜಿನ್ ಆರಿಸಿದ. ದೋಣಿ ಓಡಿಸುವವನು ನನಗೆ ಕಿವಿಯ ಪಾಠ ಹೇಳುತ್ತಾನೆ!

ಮಾರ್ಚ್ ೧೮, ಮಂಗಳವಾರ

ಎರಡನೆಯ ಆಂಪ್ಲಿಫೈಯರ್ ಕೂರಿಸಿದೆ. ಈಗ ಪರವಾಗಿಲ್ಲ. ಇನ್ನೂ ಸ್ವಲ್ಪ ಏರಿಸಬಹುದು.

ಮಾರ್ಚ್ ೨೨, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಮೊದಲ ವಿಹಾರ. ಒಂದು ಕಚೇರಿಯ ಮೂವತ್ತೆಂಟು ಜನ, ಮನೆಮಂದಿಯೂ ಸೇರಿ. ತಂಗಿ ದಡದಲ್ಲೇ ಉಳಿದಳು, ನಾನು ಸ್ಟೀರಿಯೋ ನೋಡಿಕೊಳ್ಳಲು ಹೋದೆ. ಹತ್ತಕ್ಕೆ ಹೊರಟು ಹನ್ನೊಂದಕ್ಕೆ ಜಲಾಶಯದ ನಡುವೆ ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟೆವು. ಸ್ವಿಚ್ ‘ಎರಡು’. ಗಾಳಿಗೆ ಹಾಡು ಹಾರಿಹೋಗುತ್ತಿತ್ತು, ಆಗಾಗ ಏರಿಸುತ್ತ ಹೋದೆ. ಇಬ್ಬರು ಹೆಂಗಸರು ಕಿವಿಗೆ ಕೈಯಿಟ್ಟುಕೊಂಡು ಕೇಳುತ್ತಿದ್ದರು, ಹಾಡು ಅಷ್ಟು ಹಿಡಿಸಿತ್ತು ಎಂದು ಕಾಣುತ್ತದೆ.

ಒಂದೂವರೆಗೆ ಹಾಡು ಮುಗ್ಗರಿಸಿತು. ಆಂಪ್ಲಿಫೈಯರಿನ ಕೆಂಪು ದೀಪ ಮಿಟುಕಿ ಆರಿತು. ಬರೀ ಎರಡೂವರೆ ಗಂಟೆಯಲ್ಲೇ ಬ್ಯಾಟರಿ ಖಾಲಿಯಾಗುವುದೆಂದರೆ? ಜನ ನನ್ನತ್ತ ತಿರುಗಿದರು. ಒಂದೆರಡು ಹಾಡಿನ ಮಟ್ಟಿಗೆ ಸಾಲ ತೆಗೆದರೆ ಎಂಜಿನ್ ಬ್ಯಾಟರಿಗೇನೂ ಆಗದು ಎಂದುಕೊಂಡು ಸ್ವಿಚ್ಚಿಗೆ ಕೈ ಹಾಕಿದೆ. ಗೊಣಗಪ್ಪ ದೋಣಿಯ ಮೂತಿಯ ಕಡೆಯಲ್ಲಿ ಲಂಗರಿನ ಹಗ್ಗ ನೋಡುತ್ತಿದ್ದವನು ನನ್ನನ್ನು ಕಂಡು ಕೂಗಿದ:

“ಎರಡೂ ಬೇಕಾ?”

“ಹೂಂ, ಬೇಕು!” ಎಂದು ಕೂಗಿ ತಿರುಗಿಸಿದೆ. ಹಾಡು ಬಂತು. ಅವನು ಮತ್ತೆ ಏನೋ ಕೂಗಿದ. ಅಷ್ಟರಲ್ಲಿ ಯಾರೋ ಕುಣಿಯಲು ಎದ್ದಿದ್ದರು, ದಾರಿ ಬಿಡಿಸಿಕೊಂಡು ಅವನು ನನ್ನ ಬಳಿ ಬರುವುದಕ್ಕೂ ಆಗಲಿಲ್ಲ. ಒಂದೆರಡು ಎಂದದ್ದು ಹನ್ನೆರಡು ಹಾಡಾಯಿತು.

ಮೂರಕ್ಕೆ ಕೀಲಿ ತಿರುಗಿಸಿದರೆ ಎಂಜಿನ್ ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ, ಟಕ್. ಫೋನು ಮಾಡಿ, ಮೀನಿನವರ ದೋಣಿ ಬಂದು, ಹಗ್ಗ ಕಟ್ಟಿ ಎಳೆದು ದಡ ಮುಟ್ಟಿಸುವಷ್ಟರಲ್ಲಿ ಆರೂವರೆ. ಕುಡಿಯುವ ನೀರು ನಾಲ್ಕಕ್ಕೇ ಮುಗಿದಿತ್ತು. ವಯಸ್ಸಾದ ಒಬ್ಬರ ಮಾತ್ರೆ ದಡದ ಮೇಲಿನ ಬಸ್ಸಿನಲ್ಲಿತ್ತು. ಅವರ ಮಗಳು ನನ್ನನ್ನು ಒಂದೇ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೩, ಭಾನುವಾರ

ತಂಗಿ ನಮ್ಮಿಬ್ಬರನ್ನೂ ದೋಣಿಯ ಬಳಿ ಕರೆಸಿದಳು. ಮೀನಿನವರು ನಾಲ್ಕೈದು ಜನ ಅಲ್ಲೇ ನಿಂತಿದ್ದರು.

“ನಾನು ಬೇಡಾ ಅಂತ ಕೂಗ್ದೆ” ಎಂದ ಗೊಣಗಪ್ಪ. “ಎರಡೂ ಬೇಡಾ ಅಂದೆ. ಅವರು ಬೇಕು ಅಂದ್ಬಿಟ್ಟು ತಿರುಗಿಸಿದ್ರು.”

ನನಗೆ ಮೈ ಉರಿದುಹೋಯಿತು. “ಬೇಕಾ ಅಂತ ಕೇಳಿದ್ದು ನೀನು! ನೀನು ಕೇಳಿದ್ದಕ್ಕೆ ತಾನೇ ನಾನು ಬೇಕು ಅಂದಿದ್ದು?”

“ಇಲ್ಲ. ಬೇಡಾ ಅಂದೆ.”

ತಂಗಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. “ನಮ್ಮಣ್ಣನ ಕಿವಿ ತಪ್ಪಲ್ಲ” ಎಂದಳು. “ಸ್ವಿಚ್ ನಿಮ್ಮ ಜವಾಬ್ದಾರಿ. ತಪ್ಪು ಆಯ್ತು ಅಂದಿದ್ರೆ ಸುಮ್ನಿರ್ತಿದ್ದೆ. ಸುಳ್ಳು ಯಾಕೆ ಹೇಳ್ತೀರಿ?”

ಅವನು ಕೀಲಿಯನ್ನು ಸೀಟಿನ ಮೇಲಿಟ್ಟು ಹೋದ. ಹೋಗುವಾಗ ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಏನಂದ ಎಂದು ತಂಗಿಯನ್ನು ಕೇಳಿದೆ. “ಹನ್ನೊಂದು ವರ್ಷ ಅಂದ್ರು” ಎಂದಳು.

ನಾನು ಹೇಳಿದ್ದು ಸತ್ಯ. ಕಣ್ಣಾರೆ ಕಂಡಂತೆ ಕಿವಿಯಾರೆ ಕೇಳಿದ್ದೇನೆ.

ಮಾರ್ಚ್ ೨೪, ಸೋಮವಾರ

ಸಾರಿಗೆ ಕಚೇರಿಯ ಅಧಿಕಾರಿ ಏಪ್ರಿಲ್ ಐದರವರೆಗೆ ಗಡುವು ಕೊಟ್ಟಿದ್ದಾರೆ. ಅಂದು ತಾವೇ ದೋಣಿ ಹತ್ತಿ ನೋಡುತ್ತಾರೆ. ಸರಿಯಿಲ್ಲವೆಂದರೆ ಪರವಾನಗಿ ರದ್ದು.

ಬ್ಯಾಟರಿ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು ಎರಡನ್ನೂ ಪರೀಕ್ಷೆ ಮಾಡಿಸಿದೆ. ಎರಡೂ ಗಟ್ಟಿಯಾಗಿವೆ. ನನ್ನ ಲೆಕ್ಕವನ್ನು ಮತ್ತೆ ಮಾಡಿದೆ, ಅದೂ ಸರಿಯಿದೆ. ಶನಿವಾರ ಸದ್ದಿನ ಗುಂಡಿ ಎಲ್ಲಿತ್ತೋ ಅಲ್ಲಿಗೇ ಇಟ್ಟು ಅಳೆದೆ. ನಲವತ್ತು ಆಂಪಿಯರ್! ನಾನು ಅದನ್ನು ನಡುಮಟ್ಟ ಎಂದುಕೊಂಡಿದ್ದೆ.

ಮಾರ್ಚ್ ೨೭, ಗುರುವಾರ

ಕುಂಯ್ ಎಂಬುದು ಇಲ್ಲವೆಂದು ತಂಗಿಗೆ ಸಾಬೀತು ಮಾಡಿಬಿಡೋಣ ಎಂದು ಆಸಿಲೋಸ್ಕೋಪ್ ಹೊತ್ತುಕೊಂಡು ಹೋದೆ. ಸದ್ದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ, ಯಾರ ಮುಲಾಜಿಗೂ ಬೀಳುವುದಿಲ್ಲ. ಹಾಡು ನಿಲ್ಲಿಸಿ, ಎಂಜಿನ್ ಓಡಿಸಿ, ಸ್ಪೀಕರಿನ ತಂತಿಗೆ ಸಿಕ್ಕಿಸಿದೆ.

ಪರದೆಯ ಮೇಲೆ ಗೆರೆ ಹಲ್ಲುಹಲ್ಲಾಗಿ ಎದ್ದು ನಿಂತಿತು. ಎಂಜಿನ್ ಏರಿಸಿದರೆ ಹಲ್ಲು ಒತ್ತೊತ್ತಾಗುತ್ತದೆ, ಇಳಿಸಿದರೆ ಬಿಡಿಬಿಡಿಯಾಗುತ್ತದೆ. ಗೊಣಗಪ್ಪ ಹೇಳಿದ ಹಾಗೆಯೇ. ಅಷ್ಟು ದೊಡ್ಡ ಗೆರೆ ಬರಬೇಕಾದರೆ ಸದ್ದು ದೋಣಿಯಿಡೀ ಕೇಳಬೇಕು. ಸ್ಪೀಕರಿನ ಬಲೆಗೆ ಕಿವಿ ಒತ್ತಿ ಹಿಡಿದೆ. ಬಲೆ ತಣ್ಣಗಿತ್ತು. ಏನೂ ಇರಲಿಲ್ಲ.

ಯಂತ್ರ ಕೆಟ್ಟಿದೆಯೇನೋ ಎಂದು ಅಂಗಡಿಗೆ ತಂದು ನೋಡಿದೆ. ಕೆಟ್ಟಿಲ್ಲ.

ಮಾರ್ಚ್ ೨೮, ಶುಕ್ರವಾರ

ಅಂಗಡಿ ತೆರೆಯಲಿಲ್ಲ.

ಮಾರ್ಚ್ ೨೯, ಶನಿವಾರ

ಹೆಂಡತಿಗೆ ಹೇಳಿದೆ. ಅವಳು ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದೆ.

“ಎರಡು ವರ್ಷದಿಂದ ನಾನು ಈ ಮನೇಲಿ ಮಾತಾಡ್ತಿದೀನಾ ಕೂಗ್ತಿದೀನಾ ಅಂತ ಪಕ್ಕದ ಮನೆಯವ್ರನ್ನ ಕೇಳಿ” ಎಂದಳು.

“ಮೊದ್ಲೇ ಹೇಳ್ಬಾರ್ದಿತ್ತಾ?”

“ಹೇಳಿದ್ದೆ. ನಿಮಗೆ ಕೇಳಿಸಿಲ್ಲ.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಕಣ್ಣೊರೆಸಿಕೊಂಡು ಫೋನು ಎತ್ತಿ, ಸೋಮವಾರಕ್ಕೆ ಡಾಕ್ಟರ ಸಮಯ ಕೇಳಿದಳು.

ಮಾರ್ಚ್ ೩೧, ಸೋಮವಾರ

ಕಿವಿ ಡಾಕ್ಟರಮ್ಮ ನನ್ನನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒತ್ತಿದೆ, ಒತ್ತಿದೆ, ಆಮೇಲೆ ಬಹಳ ಹೊತ್ತು ಒತ್ತಲು ಏನೂ ಸಿಗಲಿಲ್ಲ. ಪರೀಕ್ಷೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ, ಸದ್ದು ಬರುತ್ತಲೇ ಇತ್ತಂತೆ.

ಕಾಗದದ ಮೇಲೆ ಗೆರೆ ತೋರಿಸಿದರು. ಇಂಥ ಗೆರೆ ಓದುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಕೆಳಗಿನ ಸ್ವರಗಳಲ್ಲಿ ನೆಟ್ಟಗೆ ಹೋಗಿ, ಎರಡು ಸಾವಿರ ಹರ್ಟ್ಸ್ ದಾಟಿದ್ದೇ ಮೆಟ್ಟಿಲಿನಿಂದ ಜಾರಿದಂತೆ ಇಳಿದಿದೆ. ಗಿರಾಕಿ ಇಂಥ ಸ್ಪೀಕರ್ ತಂದಿದ್ದರೆ ರಿಪೇರಿಗೆ ಕೈ ಹಾಕುವುದೇ ಬೇಡ ಎಂದಿರುತ್ತಿದ್ದೆ.

“ಮೇಡಂ, ಒಂದು ಉಪಕಾರ ಮಾಡಿ” ಎಂದೆ. “ಬೇಕಾ, ಬೇಡಾ ಈ ಎರಡೇ ಪದ. ನಿಮಗೆ ತೋಚಿದ ಹಾಗೆ ಹಿಂದುಮುಂದು ಮಾಡಿ ಹತ್ತು ಸಲ ಹೇಳಿ. ಬಾಯಿಗೆ ಏನಾದ್ರೂ ಅಡ್ಡ ಹಿಡ್ಕೊಂಡು ಹೇಳಿ. ನಾನು ಬರೀತೀನಿ.”

ಅವರು ಕಾಗದ ಅಡ್ಡ ಹಿಡಿದು ಹೇಳಿದರು. ಜೊತೆಗೆ ಬಂದಿದ್ದ ಹೆಂಡತಿ ಪಕ್ಕದಲ್ಲಿ ಕೂತು ತನ್ನ ಚೀಟಿಯಲ್ಲಿ ಬರೆದುಕೊಂಡಳು. ನನಗೆ ಹತ್ತರಲ್ಲಿ ಎಂಟು ‘ಬೇಕಾ’ ಎಂದು ಕೇಳಿಸಿತ್ತು. ಇವಳ ಚೀಟಿ ನೋಡಿದೆ. ಅದರಲ್ಲಿ ಬೇಕಾ ಇದ್ದದ್ದು ನಾಲ್ಕು.

ಆ ಮನುಷ್ಯ ಬೇಡಾ ಎಂದೇ ಕೂಗಿದ್ದರು. ಎರಡನೆಯ ಸಲ ಕೂಗಿದ್ದೂ ಅದನ್ನೇ ಇರಬೇಕು. ನಾನು ನಾಲ್ಕು ಜನರ ಮುಂದೆ ಅವರನ್ನು ಸುಳ್ಳ ಎನ್ನಿಸಿ ಅನ್ನ ಕಿತ್ತುಕೊಂಡೆ. ಹೋಗಿ ಹೇಳಬೇಕು. ಹೇಳಿದರೆ ನಾಳೆಯಿಂದ ಕಿವಿ ಮೇಷ್ಟ್ರ ಅಂಗಡಿಗೆ ಯಾರು ಬರುತ್ತಾರೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಡಾಕ್ಟರಮ್ಮನನ್ನೂ ಇವಳನ್ನೂ ಬಿಟ್ಟು.

ಏಪ್ರಿಲ್ ೧, ಮಂಗಳವಾರ

ಹೋದೆ. ಚಾಲಕರ ಮನೆ ಎರಡನೇ ಮಹಡಿಯಲ್ಲಿದೆ. ಬಾಗಿಲ ಬಳಿ ಕೂತು ಕಾಲು ಮುರಿದ ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದರು. ನನ್ನನ್ನು ಕಂಡು ಸುತ್ತಿಗೆ ಕೆಳಗಿಟ್ಟರು, ಬನ್ನಿ ಎನ್ನಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದೆ.

“ನೀವು ಬೇಡಾ ಅಂದ್ರಿ. ನನಗೆ ಬೇಕಾ ಅಂತ ಕೇಳಿಸ್ತು. ನನ್ನ ಕಿವಿ ಹೋಗಿದೆ. ತಪ್ಪು ನಂದು.”

ಅವರು ಏನೋ ಹೇಳಿದರು. ಹತ್ತಿರ ಹೋಗಿ, “ನನ್ನ ಕಡೆ ತಿರುಗಿ ಇನ್ನೊಂದ್ಸಲ ಹೇಳಿ” ಎಂದೆ.

“ಸ್ವಲ್ಪ ತಡೀರಿ ಅಂದೆ” ಎಂದು ಎದ್ದು ಒಳಗೆ ಹೋಗಿ ಹೆಂಡತಿಯನ್ನು ಕರೆತಂದರು. ಹಿಂದೆಯೇ ಅವರ ತಾಯಿಯೂ ಗೋಡೆ ಹಿಡಿದುಕೊಂಡು ಬಂದರು. “ಈಗ ಹೇಳಿ ಮೇಷ್ಟ್ರೇ. ಒಂಬತ್ತು ದಿನದಿಂದ ಇವರಿಬ್ಬರೂ ನನ್ನ ಮುಖ ನೋಡ್ತಾ ಇದಾರೆ.”

ಮತ್ತೆ ಹೇಳಿದೆ, ಮೊದಲಿನಿಂದ, ಗಟ್ಟಿಯಾಗಿ. ಆ ತಾಯಿ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದರು. ಅವರ ಹೆಂಡತಿ ನನಗೆ ಕುರ್ಚಿ ಹಾಕಿದರು. ಕೂತೆ.

ಅವರನ್ನು ಕರೆದುಕೊಂಡೇ ತಂಗಿಯ ಬಳಿ ಹೋದೆ. ಮೀನಿನವರೂ ಇದ್ದರು, ಅದೇ ಸರಿ ಎನಿಸಿತು. ಎಲ್ಲವನ್ನೂ ಕೇಳಿ ತಂಗಿ ಮೊದಲು ಅವರಿಗೆ ಕೈ ಮುಗಿದಳು. ಆಮೇಲೆ ನನ್ನತ್ತ ತಿರುಗಿದಳು.

“ಕುಂಯ್ ಅಂತಿದೆ ಅಂತ ನನ್ನ ಕಿವಿಗೇ ಕೇಳಿಸ್ತಿತ್ತು. ನೀನು ಇಲ್ಲ ಅಂದೆ ಅಂತ ನನ್ನ ಕಿವೀನೇ ನಂಬಲಿಲ್ವಲ್ಲಣ್ಣ ನಾನು” ಎಂದು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಏಪ್ರಿಲ್ ೪, ಶುಕ್ರವಾರ

ಎರಡನೆಯ ಆಂಪ್ಲಿಫೈಯರ್ ಕಿತ್ತುಹಾಕಿದೆ. ಒಂದೇ ಸಾಕಿತ್ತು, ಮೊದಲಿನಿಂದಲೂ. ಸದ್ದು ಎಷ್ಟಿರಬೇಕೆಂದು ತಂಗಿ ತಿರುಗಿಸಿ ತೋರಿಸಿದಳು, ಅಲ್ಲಿಗೆ ಅವಳ ಉಗುರುಬಣ್ಣದಿಂದ ಒಂದು ಗೆರೆ ಎಳೆದೆವು. ಅಲ್ಲಿಟ್ಟು ಅಳೆದರೆ ಒಂಬತ್ತು ಆಂಪಿಯರ್.

ಆಮೇಲೆ ಕುಂಯ್. ಹಾಡಿನ ತಂತಿಯನ್ನೂ ಬ್ಯಾಟರಿಯ ದಪ್ಪ ತಂತಿಯನ್ನೂ ನಾನು ಒಂದೇ ಕಂತೆ ಕಟ್ಟಿದ್ದೆ, ಅಂದಕ್ಕೆ. ಬಿಚ್ಚಿ ಹಾಡಿನದನ್ನು ಆಚೆ ಬದಿಗೆ ಎಳೆದೆ. ಮತ್ತೆ ಕೆಲಸಕ್ಕೆ ಬಂದ ಚಾಲಕರು ಎಂಜಿನ್ ಓಡಿಸಿದರು.

“ಇದೆ” ಎಂದರು, ನನ್ನ ಎದುರಿಗೆ ನಿಂತು.

ಆಂಪ್ಲಿಫೈಯರಿನ ಅರ್ಥ್ ತಂತಿಯನ್ನು ಬಿಗಿ ಮಾಡಿದೆ. “ಇದೆ.” ಅದನ್ನು ಕಿತ್ತು ಬೇರೆ ಕಡೆ ಕೊಟ್ಟೆ. “ಕಮ್ಮಿಯಾಗಿದೆ, ಆದ್ರೆ ಇದೆ.” ಮಧ್ಯಾಹ್ನದವರೆಗೂ ನನಗೆ ಇಲ್ಲದ ಒಂದು ಸದ್ದನ್ನು ಅವರ ಮುಖ ನೋಡಿ ಹುಡುಕಿದೆ. ಕೊನೆಗೆ ಎಲ್ಲ ಅರ್ಥ್ ತಂತಿಗಳನ್ನೂ ಬ್ಯಾಟರಿಯ ಒಂದೇ ತುದಿಗೆ ಸೇರಿಸಿದೆ. ಅವರು ಕಣ್ಣು ಮುಚ್ಚಿ ನಿಂತರು. ಎಂಜಿನ್ ಏರಿಸಿ ಇಳಿಸಿ ನೋಡಿದರು.

“ಈಗ ಇಲ್ಲ.”

ಆಸಿಲೋಸ್ಕೋಪ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಮುಚ್ಚಿ ತಿರುಪು ಬಿಗಿದೆ.

ಏಪ್ರಿಲ್ ೫, ಶನಿವಾರ

ಅಧಿಕಾರಿ ಬಂದರು. ತಂಗಿ, ನನ್ನ ಹೆಂಡತಿ, ಮೀನಿನವರ ಮನೆಯವರು ಎಲ್ಲ ಸೇರಿ ದೋಣಿ ತುಂಬಿತ್ತು. ನಡುವೆ ಎಂಜಿನ್ ನಿಲ್ಲಿಸಿ ನಾಲ್ಕು ಗಂಟೆ ಹಾಡು ಹಾಕಿ ಕೂತೆವು. ಆಮೇಲೆ ಕೀಲಿ ತಿರುಗಿಸಿದ್ದೇ ಎಂಜಿನ್ ಎದ್ದಿತು. ನೆಲಹಲಗೆ ನಡುಗಿದ್ದರಿಂದ ನನಗೂ ತಿಳಿಯಿತು.

ಅಧಿಕಾರಿ ಕಾಗದ ತೆಗೆದು, “ಸೌಂಡ್ ಸಿಸ್ಟಂ ಸರಿಯಿದೆ ಅಂತ ಯಾರು ಬರ್ಕೊಡ್ತೀರಿ?” ಎಂದು ಕೇಳಿದರಂತೆ. ಎಲ್ಲರೂ ಅಭ್ಯಾಸಬಲದಿಂದ ನನ್ನತ್ತ ನೋಡಿದರು. ತಂಗಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿದಳು.

“ತಂತಿ, ಬ್ಯಾಟರಿ ನಂದು” ಎಂದೆ. “ಸದ್ದಿಗೆ ಅವರು ಸಹಿ ಹಾಕ್ಬೇಕು. ಕೇಳಿದ್ದು ಅವರು.”

ಚಾಲಕರು ಅಂಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದರು. ಪರವಾನಗಿ ಉಳಿಯಿತು.

ವಾಪಸು ಬರುವಾಗ ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತೆ. ಸದ್ದು ಉಗುರುಬಣ್ಣದ ಗೆರೆಯಲ್ಲಿತ್ತು. ಜನ ಹರಟುತ್ತಿದ್ದರು, ಒಬ್ಬಿಬ್ಬರು ಹಾಡಿನ ಜೊತೆ ತಲೆದೂಗುತ್ತಿದ್ದರು. ನನಗೆ ತಾಳ ಮಾತ್ರ ಸಿಗುತ್ತಿತ್ತು. ಯಾವ ಹಾಡು ಎಂದು ಇವಳನ್ನು ಕೇಳಿದೆ. ಪೂರ್ತಿ ನನ್ನ ಕಡೆ ತಿರುಗಿ ಕೂತು, ಒಂದೊಂದೇ ಸಾಲನ್ನು ಬಿಡಿಸಿ ಹೇಳುತ್ತ ಬಂದಳು. ನಾನು ಅಂಗಡಿಯಲ್ಲಿ ಸ್ಪೀಕರ್ ಪರೀಕ್ಷಿಸಲು ಮೂವತ್ತೆರಡು ವರ್ಷದಿಂದ ಹಾಕುವ ಹಾಡೇ ಅದು.